ಮೊಟ್ಟೆಹಾವಿನ ಋಣ

ಕಟ್ಟುಹಾವು ಕಚ್ಚಿಸಿಕೊಂಡು ಅಪ್ಪುಹಾಮಿ ವೈದ್ಯರ ಚಾಪೆಯ ಮೇಲೆ ಮಲಗಿದವರು ಯಾರೂ ಹೆಣವಾಗಿ ಎದ್ದಿಲ್ಲ. ಕೋನ್‌ವೆವ ಊರಿಗೆ ಇದೊಂದು ದೊಡ್ಡ ಹೆಮ್ಮೆ. ಪಕ್ಕದೂರಿನವರ ಮುಂದೆ ಹೇಳಿಕೊಳ್ಳಲು ಅವರಿಗೆ ಬೇರೇನಿತ್ತು ಹೇಳಿ? ಕೆರೆ ಇತ್ತು, ಅರ್ಧ ವರ್ಷ ಅದರಲ್ಲಿ ಎಮ್ಮೆ ಹೊರಳುವಷ್ಟೂ ನೀರಿರುತ್ತಿರಲಿಲ್ಲ. ಬುದ್ಧನ ಹಳೆಯ ಸ್ತೂಪ, ದಾಗೋಬವಿತ್ತು, ಅದರ ಶಿಖರ ಯಾವ ಕಾಲದಲ್ಲೋ ಮುರಿದುಬಿದ್ದಿತ್ತು. ಹಾಗಾಗಿ ವೈದ್ಯರ ಕೈಗುಣವನ್ನೇ ಹಿಡಿದು ಮೆರೆಯುತ್ತಿದ್ದರು. ನಮ್ಮೂರಲ್ಲಿ ಹಾವು ಕಚ್ಚಿಸಿಕೊಳ್ಳುವುದಕ್ಕೂ ಪುಣ್ಯ ಬೇಕು ಎಂದು ಸಂತೆಯಲ್ಲಿ ಕೂತು ಹೇಳುತ್ತಿದ್ದರು.

ಆ ಮನೆಯಲ್ಲಿ ಕಾಸು ಮುಟ್ಟುವುದಿಲ್ಲ. ಅಪ್ಪುಹಾಮಿಯ ಅಪ್ಪ ಮುದಲಿಹಾಮಿಯೂ ಮುಟ್ಟಿರಲಿಲ್ಲ. ವಾಸಿಯಾದವನು ಒಳ್ಳೆಯ ದಿನ ನೋಡಿ ಒಂದು ಕಟ್ಟು ವೀಳ್ಯದೆಲೆ ತಂದು ವೈದ್ಯರ ಕಾಲ ಬಳಿ ಇಡಬೇಕು, ಅಷ್ಟೆ. ಅದಕ್ಕೆ ಪ್ರಾಣದ ವೀಳ್ಯ ಎನ್ನುತ್ತಾರೆ. ಇಡುವಾಗ ಅವನ ಬಾಯಲ್ಲಿ ತಾನಾಗಿ ಏನು ಬರುತ್ತದೋ ಅದನ್ನು ಕೊಡಬೇಕು. ಒಬ್ಬ ಎಮ್ಮೆಕರು ಕೊಟ್ಟ, ಇನ್ನೊಬ್ಬ ಬದುಕಿರುವ ತನಕ ಕೊಯ್ಲಿಗೆ ಬರುತ್ತೇನೆಂದ. ವೈದ್ಯರು ಕೇಳುವುದಿಲ್ಲ, ಕೊಟ್ಟದ್ದನ್ನು ಬೇಡ ಎನ್ನುವುದೂ ಇಲ್ಲ. ಆದರೆ ಒಂದು ಮಾತು ಎಲ್ಲರಿಗೂ ಗೊತ್ತು. ಆಡಿದ್ದು ತಪ್ಪಿದರೆ ಇಳಿದ ವಿಷ ಮತ್ತೆ ಏರುತ್ತದೆ.

ವೈದ್ಯರ ಹೆಂಡತಿ ಸುದು ಮೆನಿಕೆ ಆ ಮನೆಗೆ ಬಂದದ್ದೂ ಆ ಎಮ್ಮೆಕರು ಬಂದ ದಾರಿಯಲ್ಲೇ. ಅವಳ ಅಪ್ಪ ಉಕ್ಕುರಾಳ ಹಳೇ ಗೋಡೆ ಕೆಡವುವಾಗ ಬಿಲದಲ್ಲಿ ಕೈಹಾಕಿ ಕಚ್ಚಿಸಿಕೊಂಡ. ಕೈಯಿಂದ ರಕ್ತ ಸುರಿಯುತ್ತಿತ್ತು. ಹದಿನೇಳರ ಹುಡುಗಿ ತನ್ನ ಸೀರೆಯ ಸೆರಗನ್ನೇ ಹರಿದು ಕಟ್ಟಿದ್ದಳು. ಮುದಲಿಹಾಮಿಯ ಅಂಗಳದಲ್ಲಿ ಮಲಗಿ ಎದ್ದ ಅಪ್ಪ ವೀಳ್ಯ ಇಟ್ಟು, ನನ್ನ ದೊಡ್ಡ ಮಗಳನ್ನು ನಿಮ್ಮ ಮನೆಗೆ ಕೊಟ್ಟೆ ಎಂದ. ಅವಳಿಗೆ ಕೆಕಿರಾವದ ಕೈಮಗ್ಗದ ಕೇಂದ್ರದಲ್ಲಿ ಕೆಲಸ ಸಿಕ್ಕಿ, ಟ್ರಂಕು ತುಂಬಿ ಇಟ್ಟಾಗಿತ್ತು. ತುಂಬಿದವಳೇ ಟ್ರಂಕು ಬಿಚ್ಚಿದಳು. ಅಪ್ಪನ ಮೈಯಲ್ಲಿ ವಿಷ ಮತ್ತೆ ಏರಲಿ ಎಂದು ಯಾವ ಮಗಳು ಹೇಳುತ್ತಾಳೆ?

ಅಪ್ಪುಹಾಮಿ ಹಗಲು ವೈದ್ಯ, ಹೊತ್ತು ಇಳಿದರೆ ಕಳ್ಳಭಟ್ಟಿಯ ಗಿರಾಕಿ. ಕುಡಿದ ದಿನ ಕೈ ಸುಮ್ಮನಿರುತ್ತಿರಲಿಲ್ಲ. ಸುದು ಮೆನಿಕೆ ತುಟಿ ಎರಡು ಮಾಡದೆ ಬಾಳಿದಳು. ಬೆನ್ನು ಉರಿಯುವಾಗೆಲ್ಲ ಒಂದೇ ಮಾತು ಹೇಳಿಕೊಳ್ಳುತ್ತಿದ್ದಳು: ಹೋಗಲಿ, ಅಪ್ಪ ಬದುಕಿದ. ಈಗಂತೂ ಅಪ್ಪ ಅವಳ ಕಣ್ಣೆದುರೇ ಇದ್ದ. ಅಮ್ಮ ತೀರಿಕೊಂಡ ಮೇಲೆ ತಮ್ಮಂದಿರು ಜಗಳವಾಡಿ ಹೊರಗೆ ಹಾಕಿದ್ದರು, ಇವಳು ಹಿತ್ತಲ ಜಗಲಿಯಲ್ಲಿ ಜಾಗ ಮಾಡಿಕೊಟ್ಟಿದ್ದಳು. ಹಲ್ಲಿಲ್ಲದ ಬಾಯಿ. ಅನ್ನಕ್ಕೆ ಸಾರು ಹಾಕಿ ಮೆತ್ತಗೆ ಕಿವುಚಿ, ಒಣಮೀನಿನ ಮುಳ್ಳು ಬಿಡಿಸಿ ಕಲಸಿಕೊಡುತ್ತಿದ್ದಳು. ಅವನು ಉಣ್ಣುವುದನ್ನು ಎದುರಿಗೆ ಕೂತು ನೋಡುತ್ತಿದ್ದಳು. ಈ ಜೀವ ನಾನು ಉಳಿಸಿದ್ದು ಎಂಬ ಸುಖ ಅದು. ಅವಳ ಪಾಲಿಗೆ ಇದ್ದದ್ದು ಅದೊಂದೇ.

ಚೈತ್ರದ ಹೊಸ ವರ್ಷಕ್ಕೆ ಮುಂಚೆ ಕೋಳಿಗೂಡಿನ ಮಾಡು ಬದಲಿಸುವ ಕೆಲಸ ಇತ್ತು. ಪಕ್ಕದ ಮನೆಯ ಮುತ್ತುಬಂಡಾ ಸಹಾಯಕ್ಕೆ ಬಂದಿದ್ದ. ಅವನೂ ಅವನ ಭಾವಮೈದ ಹೇರತ್ತನೂ ಗೂಡಿನ ಹಿಂದೆ ರಾಶಿ ಹಾಕಿದ್ದ ಹಳೇ ಹೆಂಚು ಎತ್ತುತ್ತಿದ್ದರು. ಮುತ್ತುಬಂಡಾ ಸಂದಿಯಲ್ಲಿ ಕೈಹಾಕಿದವನು ಕಿರುಚಿಕೊಂಡು ಹಿಂದಕ್ಕೆ ಬಿದ್ದ. ಹೆಬ್ಬೆರಳ ಬುಡದಿಂದ ರಕ್ತ ಬಳಬಳ ಹರಿಯಿತು. ಪಟ್ಟೆ ಪಟ್ಟೆ ಹಾವು ಎಂದು ಹೇರತ್ತ ಕೂಗಿದ. ಅಷ್ಟು ಸಾಕಲ್ಲ, ಕೋಳಿಗಳೂ ಸೇರಿ ಎಲ್ಲರೂ ದಿಕ್ಕಾಪಾಲು.

ವೈದ್ಯರು ಮುಂಬಾಗಿಲಲ್ಲಿ ಕೂತು ವೀಳ್ಯ ಕುಟ್ಟುತ್ತಿದ್ದರು. ಕಚ್ಚಿಸಿಕೊಂಡವನು ಹಿತ್ತಲಲ್ಲೇ ಇದ್ದಾನೆ, ಕೂಗಿದರೆ ಕೇಳುತ್ತದೆ. ಆದರೂ ಪದ್ಧತಿ ಪದ್ಧತಿಯೇ. ದೂತ ಬಂದು ಹೇಳದೆ ವೈದ್ಯರು ಏಳುವಂತಿಲ್ಲ. ದೂತ ಯಾವ ಕಾಲು ಮುಂದಿಟ್ಟು ನಿಂತ, ಯಾವ ದಿಕ್ಕಿಗೆ ಮುಖ ಮಾಡಿದ, ಮಾತಾಡುವಾಗ ಮೈಯ ಯಾವ ಭಾಗ ಮುಟ್ಟಿಕೊಂಡ ಎಂದು ನೋಡಿಯೇ ಅವರು ಕಚ್ಚಿದ ಹಾವನ್ನೂ ರೋಗಿಯ ಆಯುಸ್ಸನ್ನೂ ಹೇಳುತ್ತಾರೆ. ಹಾಗಾಗಿ ಹೇರತ್ತ ಹಿತ್ತಲಿನಿಂದ ಮನೆ ಸುತ್ತಿಕೊಂಡು ಓಡಿ ಮುಂಬಾಗಿಲಿಗೆ ಬಂದು, ಆ ಊರಿಗೇ ಹೊಸಬನಂತೆ ಕೈಮುಗಿದು ನಿಂತ. ವೈದ್ಯರು ಅವನ ಕಾಲು ನೋಡಿದರು. ರಕ್ತ ಬಂತೇ ಎಂದು ಕೇಳಿದರು. ಧಾರಾಕಾರ ಎಂದ ಅವನು. ವೈದ್ಯರು ಕಣ್ಣುಮುಚ್ಚಿ, ದೂತ ಶುಭವಾಗಿ ನಿಂತಿದ್ದಾನೆ, ಕಚ್ಚಿದ್ದು ಕಟ್ಟುಹಾವು, ಬದುಕಿಸುತ್ತೇನೆ ಎಂದರು.

ಇನ್ನೊಂದು ನಿಯಮವೂ ಉಂಟು. ಕಚ್ಚಿದ ಹಾವನ್ನು ಕೊಲ್ಲಬಾರದು, ಹುಡುಕಬಾರದು, ಅಲ್ಲಿ ನಿಂತು ನೋಡಲೂಬಾರದು. ಹಾವಿಗೆ ನೋವಾದರೆ ವಿಷ ಇಳಿಯುವುದಿಲ್ಲವಂತೆ. ಆದ್ದರಿಂದ ಎಲ್ಲರೂ ಮುಂದಿನ ಅಂಗಳಕ್ಕೆ ಹೋದರು. ಸುದು ಮೆನಿಕೆಗೆ ಮಾತ್ರ ಹೋಗಲಾಗಲಿಲ್ಲ. ಮರಿಗಳಿದ್ದ ಕೋಳಿ ಹೆಂಚಿನ ರಾಶಿಯ ಹತ್ತಿರವೇ ಇತ್ತು, ಮರಿ ಹಿಡಿದು ಕುಕ್ಕೆಗೆ ಹಾಕಲು ಬಗ್ಗಿದಳು. ಹಾವು ಕಂಡಿತು.

ಓಡಿಹೋಗಿರಲಿಲ್ಲ ಅದು. ಮಗುಚಿದ ಹೆಂಚಿನ ಅಡಿಗೆ ಹಲ್ಲಿ ಮೊಟ್ಟೆಗಳು ಅಂಟಿಕೊಂಡಿದ್ದವು. ಇಷ್ಟೆಲ್ಲ ಗಲಾಟೆ ತನಗೆ ಸಂಬಂಧಿಸಿದ್ದೇ ಅಲ್ಲ ಎನ್ನುವಂತೆ ಹಾವು ಒಂದು ಮೊಟ್ಟೆಯನ್ನು ಸೀಳಿ ಮೂತಿ ತೂರಿಸಿ ಕುಡಿಯುತ್ತಿತ್ತು. ಕಂದು ಮೈ, ಅಡ್ಡಕ್ಕೆ ಕಪ್ಪು ಪಟ್ಟೆ, ತಲೆಯ ಮೇಲೆ ಬಾಣದ ಗುರುತು. ಈ ಹಾವು ಸುದು ಮೆನಿಕೆಗೆ ಗೊತ್ತು. ಅವಳನ್ನೇ ಕಚ್ಚಿತ್ತು.

ಅದು ಹೋದ ಸಲದ ಮಳೆಗಾಲಕ್ಕೆ ಮುಂಚಿನ ಮಾತು. ಹಿಂದಿನ ಸಂಜೆ ಗಂಡ ಒನಕೆಯಲ್ಲಿ ಹೊಡೆದಿದ್ದ. ಬೆಳಿಗ್ಗೆ ಮೊಟ್ಟೆ ಹುಡುಕುತ್ತ ಇದೇ ಸಂದಿಯಲ್ಲಿ ಕೈಹಾಕಿದಾಗ ಕಚ್ಚಿತು. ಪಟ್ಟೆ ನೋಡಿ ಕಟ್ಟುಹಾವು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ಒಳ್ಳೆಯದೇ ಆಯಿತು, ಮುಗಿಯಲಿ ಎಂದು ಕೈಗೆ ಬಟ್ಟೆ ಸುತ್ತಿ ಹುಣಸೆಮರದ ಬುಡದಲ್ಲಿ ಕೂತಳು. ಬುದ್ಧನನ್ನು ನೆನೆದಳು, ಅಪ್ಪನಿಗೆ ಇನ್ನು ಯಾರು ಅನ್ನ ಕಲಸುತ್ತಾರೋ ಎಂದು ಅತ್ತಳು. ಮಧ್ಯಾಹ್ನವಾಯಿತು, ಸಾವು ಬರಲಿಲ್ಲ. ಸಂಜೆಯಾಯಿತು, ಹಸಿವಾಯಿತು. ಎದ್ದುಹೋಗಿ ರಾಗಿ ರೊಟ್ಟಿ ತಟ್ಟಿದಳು. ಈ ಮನೆಯ ಶಕ್ತಿ ನನ್ನನ್ನು ಸಾಯಲೂ ಬಿಡಲಿಲ್ಲ ಎಂದೇ ನಂಬಿಕೊಂಡಳು, ಪಾಪ.

ಈಗ ಮುಂದಿನ ಅಂಗಳದಲ್ಲಿ ಗಂಡ ಮುತ್ತುಬಂಡಾನ ನೆತ್ತಿಗೆ ಅವಳು ಅರೆದಿಟ್ಟಿದ್ದ ಸೊಪ್ಪು ಹಚ್ಚುತ್ತಿದ್ದ, ಮಂತ್ರ ಮಣಮಣ ಕೇಳುತ್ತಿತ್ತು. ಅವಳಿಗೆ ಯಾವ ಸೊಪ್ಪನ್ನೂ ಯಾರೂ ಹಚ್ಚಿರಲಿಲ್ಲ. ಅವಳು ಕುಕ್ಕೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು.

ಸಂಜೆ ಬಾವಿಕಟ್ಟೆಯಲ್ಲಿ ಗಂಡ ಕೈಕಾಲು ತೊಳೆಯಲು ಬಂದಾಗ ನೀರು ಹಾಕುತ್ತ ಕೇಳಿದಳು. ತನ್ನನ್ನೂ ಅದೇ ಹಾವು ಕಚ್ಚಿತ್ತು, ಮದ್ದಿಲ್ಲದೆ ಬದುಕಿದ್ದೇನೆ, ಅದು ಹೇಗೆ ಎಂದಳು. ಅಪ್ಪುಹಾಮಿ ಆಗಲೇ ಎರಡು ಗುಟುಕು ಹಾಕಿ ಖುಷಿಯಲ್ಲಿದ್ದ. ನಕ್ಕ.

"ಹುಚ್ಚಿ, ಕಟ್ಟುಹಾವು ಕಚ್ಚಿದ್ರೆ ರಕ್ತ ಬರುತ್ತಾ? ಇರುವೆ ಕಚ್ಚಿದಷ್ಟೂ ಗೊತ್ತಾಗಲ್ಲ. ಇದು ದತ್‌ಕೆಟಿಯಾ, ಮೊಟ್ಟೆ ಕುಡಿಯೋ ಬಡಪಾಯಿ. ದವಡೆ ಹಿಂದೆ ಕತ್ತಿ ಥರ ಹಲ್ಲು ಇದೆ, ಅದಕ್ಕೇ ಕೊಯ್ದು ರಕ್ತ ಸುರಿಯುತ್ತೆ. ಆಳನ್ನ ಕೊಲ್ಲೋ ವಿಷ ಅಲ್ಲ."

"ಮತ್ತೆ ನಿಜವಾದ ಕಟ್ಟುಹಾವು ಕಚ್ಚಿದವರು?"

"ರಕ್ತ ಇಲ್ಲ ಅಂತ ದೂತ ಅಂದ ತಕ್ಷಣ, ನೀನು ಅಶುಭವಾಗಿ ನಿಂತಿದೀಯ, ನನ್ನ ಕೈಲಾಗಲ್ಲ, ಅನುರಾಧಪುರದ ದೊಡ್ಡಾಸ್ಪತ್ರೆಗೆ ಓಡಿ ಅಂತೀನಿ. ಅಲ್ಲಿ ಉಳಿದ್ರೆ ಅವರ ಪುಣ್ಯ, ಸತ್ರೆ ದೂತನ ಪಾಪ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅಪ್ಪ ಹೇಳಿಕೊಟ್ಟ ವಿದ್ಯೆ ಅಷ್ಟೇ ಕಣೆ."

ಇದರಲ್ಲಿ ತಪ್ಪೇನು ಎಂದೂ ಕೇಳಿದ. ಯಾರನ್ನಾದರೂ ಕೊಂದಿದ್ದೇನೆಯೇ, ಸಾಯುವವರನ್ನು ಆಸ್ಪತ್ರೆಗೇ ಕಳಿಸುತ್ತೇನಲ್ಲ ಎಂದ. ಸುದು ಮೆನಿಕೆಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಅವಳಿಗೆ ಅಪ್ಪನ ಕೈ ಕಾಣುತ್ತಿತ್ತು, ತಾನು ಹರಿದು ಕಟ್ಟಿದ ಸೆರಗು ಕಾಣುತ್ತಿತ್ತು. ಆ ಸೆರಗು ರಕ್ತದಲ್ಲಿ ತೊಯ್ದು ಹಿಂಡುವ ಹಾಗಿತ್ತು. ಅಪ್ಪ ಸಾಯುತ್ತಲೇ ಇರಲಿಲ್ಲ. ಹಾಗಾದರೆ ಒನಕೆಯ ಏಟುಗಳೆಲ್ಲ ಯಾತಕ್ಕೆ? ಹಲ್ಲಿ ಮೊಟ್ಟೆ ಕುಡಿಯುವ ಹಾವಿಗೆ ಅವಳ ಬಾಳೆಲ್ಲ ಹೋಗಿತ್ತು. ಕೊಡಪಾನ ಕೆಳಗಿಟ್ಟು ಒಳಗೆ ಹೋದಳು.

ತನ್ನದಂತೂ ಮುಗಿದ ಕಥೆ ಎಂದು ಅವಳು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಚಾಪೆಯಿಂದ ಎದ್ದ ಮುತ್ತುಬಂಡಾ ವೈದ್ಯರ ಕೈಹಿಡಿದು, ನನ್ನ ಮಗಳು ಸಿರಿಯಾಲತಾಳನ್ನು ನಿಮ್ಮ ಸೆನೆವಿಗೆ ಕೊಡುತ್ತೇನೆ, ವೀಳ್ಯದ ದಿನ ಎಲ್ಲರೆದುರು ಹೇಳುತ್ತೇನೆ ಎಂದುಬಿಟ್ಟ.

ಸೆನೆವಿ ಸುದು ಮೆನಿಕೆಯ ಒಬ್ಬನೇ ಮಗ. ಹೆತ್ತವಳೇ ಹೇಳಬೇಕೆಂದರೆ, ಅಪ್ಪನ ಎರಡು ಪಾಲು. ಅಪ್ಪ ಹೊತ್ತು ಇಳಿದ ಮೇಲೆ ಕುಡಿದರೆ ಇವನು ಹೊತ್ತು ಏರುವಾಗಲೇ. ಮೊದಲ ಹೆಂಡತಿ ಒಂದು ಮಳೆಗಾಲ ಕಳೆಯುವುದರೊಳಗೆ ಮುರಿದ ಕೈ ಕಟ್ಟಿಕೊಂಡು ತವರಿಗೆ ಓಡಿದ್ದಳು. ಆಮೇಲೆ ಸುತ್ತ ಯಾವ ಊರಿನಿಂದಲೂ ಹೆಣ್ಣು ಸಿಕ್ಕಿರಲಿಲ್ಲ. ಸಿರಿಯಾಲತಾ ಮಾತು ಕಡಿಮೆ, ಕೈಕೆಲಸ ಚುರುಕು. ಕಟುನಾಯಕದ ಬಟ್ಟೆ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆ ಹೊಸ ವರ್ಷ ಕಳೆದ ಮೇಲೆ ಹೊರಡುವವಳಿದ್ದಳು. ಅವಳ ಸೂಟ್‌ಕೇಸ್ ಬಾಗಿಲ ಹಿಂದೆ ನಿಂತಿತ್ತು. ಸುದು ಮೆನಿಕೆ ಅದನ್ನು ನೋಡಿದ್ದಳು. ತನ್ನ ಟ್ರಂಕಿನ ಹಾಗೇ ಅದಕ್ಕೂ ಹಗ್ಗ ಬಿಗಿದಿತ್ತು.

ಮರುದಿನವೇ ಬೇಲಿ ದಾಟಿ ಹೋಗಿ ಮುತ್ತುಬಂಡಾನ ಮುಂದೆ ಎಲ್ಲ ಹೇಳಿದಳು. ನಿನ್ನನ್ನು ಕಚ್ಚಿದ್ದು ಮೊಟ್ಟೆಹಾವು, ಮದ್ದು ಹಾಕದಿದ್ದರೂ ಬದುಕುತ್ತಿದ್ದೆ, ಯಾವ ಋಣವೂ ಇಲ್ಲ, ಹುಡುಗಿಯನ್ನು ಕಳಿಸಿಕೊಡು ಎಂದಳು. ಮುತ್ತುಬಂಡಾ ಬೆಲ್ಲ ಕಚ್ಚಿಕೊಂಡು ಕರಿ ಚಹಾ ಕುಡಿಯುತ್ತಿದ್ದ. ಅವಳ ಮುಖ ನೋಡಲಿಲ್ಲ.

"ಅಕ್ಕಾ, ಉಂಡ ಮನೆ ಜಂತೆ ಎಣಿಸಬಾರದು. ನೀವು ವೈದ್ಯರ ಹೆಂಡತಿ. ನಿಮ್ಮ ಬಾಯಲ್ಲಿ ಇದು ಬರಬಾರದು" ಎಂದ.

ಕೃತಜ್ಞತೆ ಅವನ ಕಣ್ಣು ಕಟ್ಟಿದೆ ಎಂದುಕೊಂಡಳು ಸುದು ಮೆನಿಕೆ. ನನ್ನ ಅಪ್ಪನ ಹಾಗೆ ಇವನೂ ಸಾದಾ ಮನುಷ್ಯ, ಪಾಪ, ಜೀವ ಉಳಿಯಿತೆಂದು ಮಗಳನ್ನು ಧಾರೆ ಎರೆಯುತ್ತಿದ್ದಾನೆ ಎಂದು ಮರುಗಿದಳು. ವಾಪಸು ಬರುವಾಗ ಒಲೆಯ ಹತ್ತಿರ ಇದ್ದ ಸಿರಿಯಾಲತಾ ಬೇಲಿಯವರೆಗೆ ಹಿಂದೆಯೇ ಬಂದಳು. ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಅತ್ತೆ, ನಾನು ಇವತ್ತೇ ಹೋಗ್ತೀನಿ. ಆದ್ರೆ ನೀವು ಹೇಳಿದ್ದು ಸುಳ್ಳಾಗಿ, ನಾನು ಹೋದ ಮೇಲೆ ಅಪ್ಪನಿಗೆ ವಿಷ ಏರಿದ್ರೆ? ನಾನೇ ಕೊಂದ ಹಾಗಲ್ವಾ?"

"ನಾನು ಎಲ್ಲರೆದುರು ತೋರಿಸಿದ್ರೆ ನಂಬ್ತೀಯಾ?"

ಹುಡುಗಿ ಹೂಂ ಎಂದು ತಲೆಯಾಡಿಸಿದಳು.

ವೀಳ್ಯದ ದಿನ ಹಾಲನ್ನ ಬೆಂದಿತು, ಕವುಂ ಕಜ್ಜಾಯ ಕರಿದಾಯಿತು. ಅಂಗಳದ ತುಂಬ ಚಾಪೆ. ಊರೆಲ್ಲ ಬಂದಿತ್ತು. ಸೆನೆವಿ ಅಪರೂಪಕ್ಕೆ ಸ್ನಾನ ಮಾಡಿ ಬಿಳಿ ಅಂಗಿ ಹಾಕಿದ್ದ. ಮುತ್ತುಬಂಡಾ ವೀಳ್ಯದೆಲೆಯ ಕಟ್ಟು ಹಿಡಿದು ಎದ್ದು ನಿಂತ. ಅಷ್ಟರಲ್ಲಿ ಸುದು ಮೆನಿಕೆ ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯನ್ನು ತಂದು ಚಾಪೆಯ ನಡುವೆ ಇಟ್ಟಳು. ಬೆಳಿಗ್ಗೆಯೇ ಹೆಂಚಿನ ರಾಶಿಯಿಂದ ಹಿಡಿದಿಟ್ಟಿದ್ದಳು. ಬಟ್ಟೆ ಬಿಚ್ಚಿ, ಎಲ್ಲರೂ ಏನು ಏನು ಎನ್ನುವುದರೊಳಗೆ ಬಲಗೈ ಒಳಗೆ ಹಾಕಿದಳು.

ಹಾವು ಮೈ ಉಬ್ಬಿಸಿ ಕಚ್ಚಿತು. ಕಚ್ಚಿದ್ದನ್ನು ಬಿಡದೆ ಜಗಿಯಿತು. ಅವಳು ಕೈ ಹೊರಗೆತ್ತಿ, ನೇತಾಡುವ ಹಾವನ್ನು ಎಲ್ಲರಿಗೂ ತೋರಿಸಿದಳು. ಹೆಂಗಸರು ಮಕ್ಕಳನ್ನು ಎಳೆದುಕೊಂಡು ಬೇಲಿಯವರೆಗೆ ಓಡಿದರು. ರಕ್ತ ಮೊಣಕೈವರೆಗೆ ಇಳಿದು ಚಾಪೆಯ ಮೇಲೆ ತೊಟ್ಟಿಕ್ಕಿತು.

"ಮುತ್ತುಬಂಡಾನ ಕಚ್ಚಿದ್ದು ಇದೇ. ನನಗೆ ಯಾವ ಮದ್ದೂ ಬೇಡ, ಮಂತ್ರವೂ ಬೇಡ. ಇಲ್ಲೇ ಕೂತಿರ್ತೀನಿ. ಹೊತ್ತು ಮುಳುಗೋವರೆಗೂ ನೋಡಿ. ನಾನು ಸಾಯಲಿಲ್ಲ ಅಂದ್ರೆ ಆ ಹುಡುಗೀನ ಬಿಟ್ಟುಬಿಡಿ" ಎಂದಳು.

ಅಪ್ಪುಹಾಮಿಯ ಮುಖ ಬೂದಿಯಾಯಿತು. ಸೆನೆವಿ ಅಮ್ಮನ ಮೇಲೆ ಏರಿಹೋಗುವವನಿದ್ದ, ಯಾರೋ ಹಿಡಿದುಕೊಂಡರು. ಸುದು ಮೆನಿಕೆ ಹಾವನ್ನು ಬಿಡಿಸಿ ಮಡಕೆಗೆ ಹಾಕಿ, ಕಾಲು ಮಡಚಿ ಕೂತಳು. ಕೈಗೆ ಬಟ್ಟೆಯನ್ನೂ ಸುತ್ತಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ಅವಳ ಮಾತಿಗೆ ಊರೆಲ್ಲ ಕಾದು ಕೂತಿತ್ತು. ಒಳಗೊಳಗೇ ಅವಳಿಗೆ ಹಬ್ಬದಂತಿತ್ತು, ಸುಳ್ಳೇಕೆ ಹೇಳಬೇಕು.

ನೆರಳು ಉದ್ದವಾಯಿತು. ಅವಳ ರೆಪ್ಪೆ ಜೋಲಲಿಲ್ಲ, ಉಸಿರು ಕಟ್ಟಲಿಲ್ಲ. ಬಾಯಾರಿ ಒಂದು ತಂಬಿಗೆ ನೀರು ಕುಡಿದಳು. ಕೆರೆಯ ಏರಿಯ ಹಿಂದೆ ಸೂರ್ಯ ಇಳಿದ. ನೋಡಿದಿರಾ ಎಂದು ಅವಳು ಎದ್ದು ನಿಂತಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಒಂದು ಕ್ಷಣ ಎಲ್ಲವೂ ಅವಳ ಕಡೆಗೇ ವಾಲಿತ್ತು. ಅಷ್ಟು ಹೊತ್ತು ಮೂಕನಂತೆ ಕೂತಿದ್ದ ಅಪ್ಪುಹಾಮಿ ಆಗ ನಿಧಾನವಾಗಿ ಬಾಯಿಬಿಟ್ಟ.

"ಸಾಯೋದು ಹೇಗೆ ಸಾಯ್ತಾಳೆ? ಮದುವೆಯಾಗಿ ಬಂದಾಗಿನಿಂದ ಈ ಮನೆ ಮದ್ದೆಲ್ಲ ಅರೆದದ್ದು ಅದೇ ಕೈ. ಅಪ್ಪನ ಕಾಲದ ಬೇರು, ನನ್ನ ಕಾಲದ ಸೊಪ್ಪು, ಎಲ್ಲಾ ಆ ಚರ್ಮದೊಳಗೆ ಇಳಿದಿದೆ. ಕಟ್ಟುಹಾವಲ್ಲ, ನಾಗರಹಾವೇ ಕಚ್ಚಲಿ, ಅವಳಿಗೆ ಏರಲ್ಲ."

ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಹೌದಲ್ಲ! ಅರೆದದ್ದು ಅವಳೇ ಅಲ್ಲವೇ? ಇಷ್ಟು ದಿನ ಯಾರಿಗೂ ಹೊಳೆದೇ ಇರಲಿಲ್ಲವಲ್ಲ! ಸುದು ಮೆನಿಕೆ ಕೂಗಿ ಹೇಳಿದಳು, ಕಟ್ಟುಹಾವು ಕಚ್ಚಿದರೆ ರಕ್ತ ಬರುವುದಿಲ್ಲ ಎಂದಳು, ಗಂಡ ತಾನೇ ಬಾಯಿಬಿಟ್ಟು ಹೇಳಿದ್ದಾನೆ ಎಂದಳು. ವೈದ್ಯ ಅವರಿಗೆ ಗೊತ್ತೋ ನಿನಗೆ ಗೊತ್ತೋ ಎಂದು ಹೇರತ್ತ ನಕ್ಕ. ಅಷ್ಟರಲ್ಲಿ ಒಬ್ಬ ಮುದುಕಿ ಮುಂದೆ ಬಂದು, ರಕ್ತ ಒಣಗಿದ ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು, ಇನ್ನೊಬ್ಬಳು. ಯಾರೋ ತಮ್ಮ ಕೂಸಿನ ತಲೆಯ ಮೇಲೆ ಆ ಕೈ ಇಡಿಸಿಕೊಂಡರು. ಗಂಡನ ಹೆಸರು ಕೆಡಿಸಲು ಹೋಗಿ ಅವಳು ಅದಕ್ಕೆ ಹೊನ್ನಿನ ಹಾಳೆ ಹಚ್ಚಿದ್ದಳು. ಮುತ್ತುಬಂಡಾ ವೀಳ್ಯ ಇಟ್ಟು, ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿದ. ಸಿರಿಯಾಲತಾ ಬೇಲಿಯ ಹತ್ತಿರ ನಿಂತು ಸುದು ಮೆನಿಕೆಯ ಕೈಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಂಶಯ ಮರಳಿತ್ತು. ಮದ್ದು ಅರೆದದ್ದು ಅತ್ತೆಯ ಕೈ, ತನ್ನ ಅಪ್ಪನದಲ್ಲವಲ್ಲ.

ಜನ ಕವುಂ ತಿಂದು ಹೋದರು. ದೀಪ ಹಚ್ಚುವ ಹೊತ್ತಿಗೆ ಸುದು ಮೆನಿಕೆ ಅಪ್ಪನಿಗೆ ಊಟ ತೆಗೆದುಕೊಂಡು ಹಿತ್ತಲ ಜಗಲಿಗೆ ಹೋದಳು. ಉಕ್ಕುರಾಳ ಅಂಗಳದ ಗಲಾಟೆಗೆ ಎದ್ದು ಬಂದಿರಲಿಲ್ಲ, ಎಲ್ಲವನ್ನೂ ಕೂತಲ್ಲಿಂದಲೇ ಕೇಳಿದ್ದ. ಅವಳು ಎಡಗೈಯಲ್ಲಿ ಅನ್ನ ಕಿವುಚಲು ಒದ್ದಾಡುವುದನ್ನು ನೋಡಿ ಅವನಿಗೆ ಕನಿಕರ ಬಂತು. ಮಗಳ ಬಲಗೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡ. ಗಾಯದ ಸುತ್ತ ಮೆಲ್ಲನೆ ಸವರಿದ. ಸಮಾಧಾನ ಹೇಳಬೇಕೆಂದೇ ಹೇಳಿದ, ಬೇರೆ ಉದ್ದೇಶವಿರಲಿಲ್ಲ.

"ಹೆದರಬೇಡ ಮಗಳೇ. ಏನೂ ಆಗಲ್ಲ. ಮೊಟ್ಟೆ ತಿನ್ನೋ ಹಾವು ಅದು, ರಕ್ತ ಸ್ವಲ್ಪ ಜಾಸ್ತಿ ಹೋಗುತ್ತೆ ಅಷ್ಟೆ. ನಂದೂ ಎರಡು ದಿನಕ್ಕೆ ಒಣಗಿಹೋಗಿತ್ತು."

ಸುದು ಮೆನಿಕೆಯ ಕೈ ಅವನ ಮಡಿಲಲ್ಲೇ ಇತ್ತು. ಅವಳು ಅದನ್ನು ತೆಗೆಯಲೂ ಇಲ್ಲ, ಅಲುಗಿಸಲೂ ಇಲ್ಲ.

"ಅವತ್ತೇ ಗೊತ್ತಿತ್ತಾ ಅಪ್ಪಾ?"

ಮುದುಕ ಆಗ ಎಚ್ಚರವಾದ. ಕೆಮ್ಮಿದ. ಗದ್ದೆಯಲ್ಲಿ ಹುಟ್ಟಿ ಬೆಳೆದವನಿಗೆ ಹಾವು ಗೊತ್ತಿಲ್ಲದೆ ಇರುತ್ತದೆಯೇ ಎಂದು ಗೊಣಗಿದ. ಆಮೇಲೆ ತಾನೇ ಮುಂದುವರಿಸಿದ.

"ನಿನ್ನ ಹಿಂದೆ ಮೂರು ಹೆಣ್ಣು. ಕೊಡೋಕೆ ನನ್ನ ಹತ್ರ ಏನಿತ್ತು? ವರದಕ್ಷಿಣೆ ಇಲ್ದೆ ವೈದ್ಯರ ಮನೆಗೆ ಹೆಣ್ಣು ಸೇರೋದು ಅಂದ್ರೆ ಸುಮ್ನೇನಾ? ವೀಳ್ಯದಲ್ಲಿ ಕೊಟ್ರೆ ಅವರು ಬೇಡ ಅನ್ನೋ ಹಾಗಿಲ್ಲ, ನೀನೂ ಬೇಡ ಅನ್ನೋ ಹಾಗಿಲ್ಲ. ಸುಖವಾಗಿದೀಯಲ್ಲ ಈಗ. ನನಗೂ ಎರಡು ತುತ್ತು ಸಿಗ್ತಿದೆ."

ಅವಳು ಕೈ ತೆಗೆದುಕೊಂಡಳು. ಅಳು ಬರಲಿಲ್ಲ. ಇಷ್ಟು ವರ್ಷವೂ ‘ಹೋಗಲಿ, ಅಪ್ಪ ಬದುಕಿದ’ ಎಂದು ಹೇಳಿಕೊಂಡ ಬಾಯಿಗೆ ಉಗಿಯಬೇಕು ಎನ್ನಿಸಿತು. ಗಂಡನ ಮೇಲೆ ಸಿಟ್ಟಿತ್ತು, ಅದು ಹಳೆಯ ಸಿಟ್ಟು, ಅಭ್ಯಾಸವಾಗಿತ್ತು. ಇದು ಬೇರೆ. ತಟ್ಟೆಯನ್ನು ಅವನ ಮುಂದೆ ಹಾಗೇ ಬಿಟ್ಟು ಎದ್ದಳು. ಅನ್ನ ಕಲಸಿರಲಿಲ್ಲ ಎಂದು ಅವನು ಹಿಂದಿನಿಂದ ಕೂಗಿದ. ಅವಳಿಗೆ ಆಗ ಚಹಾ ಕುಡಿಯುತ್ತ ಮುಖ ನೋಡದೆ ಮಾತಾಡಿದ ಮುತ್ತುಬಂಡಾ ನೆನಪಾದ. ನನ್ನ ಅಪ್ಪನ ಹಾಗೆ ಸಾದಾ ಮನುಷ್ಯ ಎಂದುಕೊಂಡಿದ್ದಳಲ್ಲ, ಸರಿಯಾಗಿಯೇ ಅಂದುಕೊಂಡಿದ್ದಳು.

ಬೆಳಿಗ್ಗೆ ಕೆರೆಯ ಮೆಟ್ಟಿಲಲ್ಲಿ ಸಿರಿಯಾಲತಾ ಒಬ್ಬಳೇ ಬಟ್ಟೆ ಒಗೆಯುತ್ತಿದ್ದಳು. ಸುದು ಮೆನಿಕೆ ಹೋಗಿ ಪಕ್ಕದಲ್ಲಿ ಕೂತಳು. ಕಣ್ಣು ಊದಿದ್ದ ಹುಡುಗಿ ತಲೆಯೆತ್ತಲಿಲ್ಲ. ಮಾತು ಮುರಿದರೆ ಅಪ್ಪ ಸಾಯುತ್ತಾನೆ, ಅದರ ಪಾಪ ಹೊರಲಾರೆ, ಬೈಯಬೇಡಿ ಅತ್ತೆ ಎಂದಳು.

"ನಿಮ್ಮಪ್ಪ ಸಾಯಲ್ಲ ಮಗಳೇ. ಅದು ನಿಮ್ಮಪ್ಪನಿಗೂ ಗೊತ್ತು."

ಒಗೆಯುವ ಕೈ ನಿಂತಿತು. "ನಿಮಗೆ ಹೇಗೆ ಗೊತ್ತು?"

"ನಮ್ಮಪ್ಪನಿಗೆ ಗೊತ್ತಿತ್ತು."

ಸಿರಿಯಾಲತಾ ಅವಳ ಮುಖವನ್ನೇ ನೋಡಿದಳು. ಮಡಕೆಯಲ್ಲಿ ಕೈಯಿಟ್ಟು ರಕ್ತ ಸುರಿಸಿದರೂ ನಂಬದಿದ್ದ ಹುಡುಗಿ ಈ ಒಂದು ಮಾತನ್ನು ನಂಬಿದಳು. ಅಳಲಿಲ್ಲ. ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿದಳು. ಅಪ್ಪನ ಅಂಗಿಯೊಂದನ್ನು ಮಾತ್ರ ಹಿಂಡದೆ ಮೆಟ್ಟಿಲ ಮೇಲೆಯೇ ಬಿಟ್ಟು ಎದ್ದಳು. ಹೊಸ ವರ್ಷದ ಒಲೆ ಹಚ್ಚುವ ಮೊದಲೇ, ಒಂದು ಬೆಳಿಗ್ಗೆ, ಸೂಟ್‌ಕೇಸ್ ಹಿಡಿದು ಕೆಂಪು ಬಸ್ಸು ಹತ್ತಿದಳು.

ಊರು ಮುತ್ತುಬಂಡಾನ ಸಾವಿಗಾಗಿ ಕಾಯಿತು. ಅವನಿಗಾದರೂ ಏನು ಮಾಡಲು ತೋಚೀತು? ಮರ್ಯಾದೆಗೆಂದು ಕಂಬಳಿ ಹೊದ್ದು ನಾಲ್ಕು ದಿನ ಮಲಗಿದ. ನರಳಿದ ಎಂದೂ ಕೆಲವರು ಹೇಳುತ್ತಾರೆ. ಆಮೇಲೆ ಎದ್ದು ಹೊಲಕ್ಕೆ ಹೋದ. ಏರಿದ ವಿಷವನ್ನು ವೈದ್ಯರು ಮನೆಯಲ್ಲೇ ಕೂತು ಮಂತ್ರದಿಂದ ತಡೆದರಂತೆ, ಋಣಗೇಡಿಗಳ ಮೇಲೂ ಎಂಥ ಕರುಣೆ ಎಂದು ಸಂತೆಯಲ್ಲಿ ಮಾತಾಯಿತು. ಅಪ್ಪುಹಾಮಿಯ ಅಂಗಳಕ್ಕೆ ಈಗ ದೂರದೂರದಿಂದ ದೂತರು ಬರುತ್ತಾರೆ. ಹುಡುಗಿಯ ಕಿವಿಗೆ ಊದಿದ್ದು ಯಾರೆಂದು ಗೊತ್ತಾದ ದಿನ ಗಂಡನೂ ಮಗನೂ ಸೇರಿ ಸುದು ಮೆನಿಕೆಯನ್ನು ಹೊಡೆದರು. ಎದೆಯೊಳಗೆ ಹೇಳಿಕೊಳ್ಳಲು ಈ ಸಲ ಅವಳ ಹತ್ತಿರ ಹಳೆಯ ಮಾತು ಇರಲಿಲ್ಲ. ಹುಡುಗಿ ಹೋದಳು ಎಂದಷ್ಟೇ ಹೇಳಿಕೊಂಡಳು.

ಹೆಂಚಿನ ರಾಶಿಯನ್ನು ಅವಳು ತೆಗೆಸಲಿಲ್ಲ. ಮಡಕೆಯಿಂದ ಬಿಟ್ಟ ಹಾವು ಅಲ್ಲೇ ಇದೆ, ಹಲ್ಲಿ ಮೊಟ್ಟೆಗೇನೂ ಬರವಿಲ್ಲ. ಉಕ್ಕುರಾಳನೂ ಹಿತ್ತಲ ಜಗಲಿಯಲ್ಲೇ ಇದ್ದಾನೆ. ಹೊತ್ತು ಹೊತ್ತಿಗೆ ತಟ್ಟೆ ತಂದಿಡುತ್ತಾಳೆ, ಅನ್ನಕ್ಕೆ ಒಂದು ದಿನವೂ ತಪ್ಪಿಲ್ಲ. ಕಲಸಿಕೊಡುವುದಿಲ್ಲ, ಮೀನಿನ ಮುಳ್ಳು ಬಿಡಿಸುವುದಿಲ್ಲ, ಎದುರಿಗೆ ಕೂರುವುದೂ ಇಲ್ಲ.